ಮರ ಅಲ್ಲಾಡಬಾರದು

ಕೂಸಪ್ಪನ ಕೊಡಲಿ ಮಾವಿನ ಗೆಲ್ಲಿಗೆ ಮೂರನೇ ಪೆಟ್ಟು ಹಾಕುವಷ್ಟರಲ್ಲಿ ಹರಿಣಾಕ್ಷಿ ಒದ್ದೆ ಕೈಯಲ್ಲೇ ಅಂಗಳಕ್ಕೆ ಓಡಿ ಬಂದಳು.

“ಕೂಸಪ್ಪಣ್ಣ, ಗೆಲ್ಲು ಬಿದ್ದ ಮೇಲೆ ಸೊಪ್ಪು ತುಳಿಯಬೇಡಿ ಮಾರಾಯ್ರೆ. ಸೊಪ್ಪು ನನಗೆ ಬೇಕು.”

“ಸೊಪ್ಪು ಎಂತಕ್ಕೆ? ಚಿತೆಗೆ ಬೇಕಾದ್ದು ಕಟ್ಟಿಗೆ ಅಲ್ವಾ?”

“ಚಿತೆಗಲ್ಲ, ಶಾಲೆಗೆ. ಸಂಜೆ ಮಕ್ಕಳಿಗೆ ಕಟ್ಟಲಿಕ್ಕೆ ಉಂಟು.”

ಕೂಸಪ್ಪ ಮರದ ಮೇಲಿಂದಲೇ ಅವಳನ್ನು ನೋಡಿದ. ಮನೆಯೊಳಗೆ ಹೆಣ ಇಟ್ಟುಕೊಂಡು ಶಾಲೆಯ ಸುದ್ದಿ ಮಾತಾಡುವ ಹೆಂಗಸಿಗೆ ತಲೆ ಸರಿ ಇದೆಯೋ ಇಲ್ಲವೋ ಎಂಬ ಅನುಮಾನ ಅವನ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅವನು ಕೂಲಿಗೆಂದು ಬೇರೆ ಕಡೆಯಿಂದ ಬಂದವನು. ಈ ಊರಿನವನಾಗಿದ್ದರೆ ಕೇಳುತ್ತಿರಲಿಲ್ಲ.

ಒಳಗೆ ಬಾಳೆಎಲೆಯ ಮೇಲೆ ಮಲಗಿದ್ದವರು ಕುಶಲಾ ಟೀಚರ್. ಕಾಪುವಿನ ಕಡಲ ಬದಿಯ ಕನ್ನಡ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕಲಿಸಿದವರು. ನಿವೃತ್ತಿಯಾದ ಮೇಲೂ ಶಾಲೆಯ ವಾರ್ಷಿಕೋತ್ಸವದ ನಾಟಕವನ್ನು ಇನ್ನೊಬ್ಬರ ಕೈಗೆ ಬಿಟ್ಟುಕೊಟ್ಟವರಲ್ಲ. ಮಣಿಪಾಲದ ಆಸ್ಪತ್ರೆಯಿಂದ ಮೊನ್ನೆಯಷ್ಟೇ ಮನೆಗೆ ಬಂದಿದ್ದರು. ಪಕ್ಕದ ಮನೆಯ ಹರಿಣಾಕ್ಷಿ ಬೆಳಗಿನ ಜಾವ ಗಂಜಿ ತಿಳಿ ಕುಡಿಸಲು ಹೋದಾಗ ಬಾಯಿ ತೆರೆಯಲಿಲ್ಲ. ಹೋಗಲು ಅವರಿಗೆ ಸಿಕ್ಕಿದ ದಿನ ನೋಡಿ, ಸಂಜೆ ಅದೇ ವಾರ್ಷಿಕೋತ್ಸವ! ನಾಟಕದ ಮರಗಳಿಗೆ ಪ್ರತಿ ವರ್ಷ ಸೊಪ್ಪು ಹೋಗುವುದು ಇದೇ ಅಂಗಳದ ಮಾವಿನ ಮರದಿಂದ. ಚಿತೆಗೆ ಮಾವಿನ ಕಟ್ಟಿಗೆ ಬೇಕೆಂದಾಗಲೂ ಒದಗಿದ್ದು ಇದೇ ಮರ. ಹೂ ಬಿಟ್ಟ ಗೆಲ್ಲು ದೊಪ್ಪೆಂದು ಬಿತ್ತು. ಹರಿಣಾಕ್ಷಿ ಗೋಣಿ ಹಾಸಿ ಸೊಪ್ಪು ತರಿಯಲು ಕೂತಳು.

ಟೀಚರ ಅಣ್ಣನ ಮಗ ಉಜ್ವಲ್ ಬಜಗೋಳಿಯಿಂದ ಬಂದಾಗ ಬಿಸಿಲು ಏರಿತ್ತು. ಮದುವೆಯಾಗದ ಅತ್ತೆಗೆ, ಅವನ ಮಾಮಿಗೆ, ಬೆಂಕಿ ಕೊಡಬೇಕಾದವನು ಅವನೇ. ಹುಡುಗ ಒಳ್ಳೆಯವನು, ಮಾತು ಮೆದು. ಆದರೆ ಈ ಮನೆಗೆ ಅವನು ಬಂದದ್ದು ಇದು ಎರಡನೇ ಸಲ. ಬಚ್ಚಲು ಎಲ್ಲಿ ಎಂದು ಹರಿಣಾಕ್ಷಿಯನ್ನೇ ಕೇಳಬೇಕಾಯಿತು.

“ಸ್ಮಶಾನದಲ್ಲಿ ಮಧ್ಯಾಹ್ನ ಇನ್ನೊಂದು ಉಂಟಂತೆ. ನಮಗೆ ಐದೂವರೆ ಮೇಲೆ ಬನ್ನಿ ಅಂದ್ರು. ಕತ್ತಲೆಗೆ ಮೊದಲು ಮುಗಿಸ್ಬೇಕು” ಎಂದ. ಆಮೇಲೆ ಸೊಪ್ಪಿನ ರಾಶಿಯನ್ನು ನೋಡುತ್ತ, “ಮಾಮಿ ದೀಪಾವಳಿಗೆ ಬಂದರೆ ಮರುದಿನವೇ ಹೊರಡ್ತಿದ್ರು. ಪ್ರಾಕ್ಟೀಸ್ ಉಂಟು, ಮಕ್ಕಳು ಕಾಯ್ತಾರೆ ಅಂತಿದ್ರು. ಅಪ್ಪನಿಗೆ ಅದೇ ಕೋಪ. ಅಷ್ಟು ಎಂತ ಇತ್ತು ಅಕ್ಕ, ಆ ಶಾಲೆಯಲ್ಲಿ?” ಎಂದು ಕೇಳಿದ.

“ಎಂತ ಇಲ್ಲ” ಎಂದಳು ಹರಿಣಾಕ್ಷಿ. “ನಾವಿದ್ದೆವು.”

*

ಆಗ ಹರಿಣಾಕ್ಷಿಗೆ ಒಂಬತ್ತು ವರ್ಷ, ಜೊತೆಗೆ ತೊದಲು. ಹಾಜರಿ ಕರೆದಾಗ ಅವಳು ‘ಯಸ್ ಟೀಚರ್’ ಅಂದು ಮುಗಿಸುವಷ್ಟರಲ್ಲಿ ಮುಂದಿನ ಇಬ್ಬರ ಹಾಜರಿ ಆಗಿರುತ್ತಿತ್ತು. ಈಗ ಕಾಪು ಮಾರ್ಕೆಟಿನಲ್ಲಿ ಬಂಗುಡೆಗೆ ಗಿರಾಕಿ ಕರೆಯುವ ಅವಳ ದನಿ ಹೆದ್ದಾರಿಯ ಬಸ್ಸಿನವರಿಗೂ ಕೇಳುತ್ತದೆ, ಅದು ಬೇರೆ ಮಾತು. ನಾಟಕಕ್ಕೆ ಮಕ್ಕಳನ್ನು ಆರಿಸುವ ದಿನ ಅವಳು ಕೊನೆಯ ಬೆಂಚಿನ ಕೆಳಗೆ ಅಡಗಿದ್ದಳು. ಟೀಚರ್ ಬಗ್ಗಿ ನೋಡಿದರು.

“ನೀನು ಮರ” ಎಂದರು.

ಕುಶಲಾ ಟೀಚರ ನಾಟಕದಲ್ಲಿ ಕಥೆ ಯಾವುದೇ ಇರಲಿ, ಒಂದು ಕಾಡು ಇರಲೇಬೇಕು. ಶಾಲೆಯ ಒಂದು ಮಗುವೂ ವೇದಿಕೆ ಹತ್ತದೆ ಉಳಿಯಬಾರದು ಎಂಬುದು ಅವರ ಹಟ. ಮಾತು ಬಾರದವರು, ಹೆದರುವವರು, ಒಳ್ಳೆಯ ಅಂಗಿ ಇಲ್ಲದವರು, ಎಲ್ಲರೂ ಮರ. ರಾಜನಿಗಾದರೆ ಉಡುಪಿಯಿಂದ ಬಾಡಿಗೆಯ ಕಿರೀಟ ತರಬೇಕು. ಮರಕ್ಕೆ ಸೊಪ್ಪು ಸಾಕು.

“ಮರದ ಕೆಲಸ ಎಂತ ಗೊತ್ತುಂಟಾ? ಪರದೆ ಬೀಳುವವರೆಗೆ ಅಲ್ಲಾಡಬಾರದು. ಸೊಳ್ಳೆ ಕಚ್ಚಿದರೂ ಅಲ್ಲಾಡಬಾರದು. ರಾಜ ಮಾತು ಮರೆತರೆ ನಾಟಕ ಹೇಗೋ ನಡೀತದೆ. ಮರ ಓಡಿಹೋದರೆ ಕಾಡೇ ಹೋಯ್ತಲ್ಲ?”

ವಾರ್ಷಿಕೋತ್ಸವದ ದಿನ ಹರಿಣಾಕ್ಷಿಯ ಅಪ್ಪ ಬೂಬ ದೋಣಿಗೆ ಹೋಗದೆ, ಚಾಪೆಯನ್ನೂ ಆದಿ ಉಡುಪಿಯ ಸಂತೆಯಿಂದ ತಂದ ನೆಲಗಡಲೆಯನ್ನೂ ಹಿಡಿದು ಇಡೀ ಮನೆಯನ್ನೇ ಕರೆತಂದಿದ್ದ. ಸಂಸಾರ ಸಮೇತ ಉಡುಪಿಗೆ ಹೋಗಿ ಸಿನಿಮಾ ನೋಡುವ ತಾಕತ್ತು ಆ ಬೀದಿಯಲ್ಲಿ ಯಾರಿಗಿತ್ತು? ಟಿಕೇಟಿಲ್ಲದೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕೂತು ನಗಲಿಕ್ಕೆ ಇದ್ದದ್ದು ಅದೊಂದೇ ಸಂಜೆ. ಮರುದಿನ ಕಡಲ ಬದಿಯಲ್ಲಿ ಬಲೆ ಸರಿಮಾಡುತ್ತ ಕೂತವರ ಹತ್ತಿರ ಬೂಬ ಹೇಳುತ್ತಿದ್ದ:

“ರಾಜ ಎರಡು ಸಲ ಬಿದ್ದ. ನನ್ನ ಮಗಳು ಕಣ್ಣೂ ಮಿಟುಕಿಸಲಿಲ್ಲ.”

ಅಪ್ಪ ತನ್ನ ಬಗ್ಗೆ ಜಂಬದಿಂದ ಮಾತಾಡಿದ್ದನ್ನು ಹರಿಣಾಕ್ಷಿ ಕೇಳಿದ್ದು ಅದೇ ಮೊದಲು. ಬುಟ್ಟಿಯ ಮರೆಯಲ್ಲಿ ನಿಂತು ಕೇಳಿ, ಮನೆಗೆ ಓಡಿಹೋಗಿ ಅತ್ತಳು.

*

ಟೀಚರನ್ನು ನೋಡಲು ಜನ ಬರಲಿಲ್ಲ ಅಂತಲ್ಲ. ಬಂದರು. ಆದರೆ ಬಂದವರ ಒಂದು ಕಣ್ಣು ಗಡಿಯಾರದ ಮೇಲಿತ್ತು. ತುಳಸಿ ನೀರು ಬಿಟ್ಟು, ಕೈ ಮುಗಿದು, ಚಪ್ಪಲಿ ಹುಡುಕುತ್ತಿದ್ದರು.

“ಮೂರು ಗಂಟೆಗೆ ಮೇಕಪ್ಪಿನವರು ಬರ್ತಾರಂತೆ. ನಮ್ಮವಳದ್ದು ಎರಡು ಡ್ಯಾನ್ಸ್ ಉಂಟು” ಎಂದಳು ಜಗಲಿಯ ಮೇಲಿದ್ದ ಒಬ್ಬಳು.

“ಹೆಣ ನೋಡಿ ಹಾಗೇ ಹೋಗ್ಲಿಕ್ಕಾಗ್ತದಾ? ಮನೆಗೆ ಹೋಗಿ ಸ್ನಾನ ಆಗ್ಬೇಕು. ಏಳಿ ಏಳಿ” ಎಂದಳು ಇನ್ನೊಬ್ಬಳು. ಹೊರಡುವ ಮುನ್ನ ಒಳಗೆ ತಿರುಗಿ ನೋಡಿ, “ಪಾಪ, ನನ್ನನ್ನೂ ಮರ ಮಾಡಿದ್ರು” ಎಂದಳು.

ಎತ್ತುವ ಹೊತ್ತಿಗೆ ಇವರ್ಯಾರೂ ಇರುವುದಿಲ್ಲ ಎಂದು ಹರಿಣಾಕ್ಷಿಗೆ ಗೊತ್ತಾಯಿತು. ಐದೂವರೆಗೆ ಇಡೀ ಊರು ಶಾಲೆಯ ಅಂಗಳದಲ್ಲಿ ಕೂತಿರುತ್ತದೆ. ಅದಕ್ಕೆ ಯಾರನ್ನು ಬೈಯುವುದು? ಊರಿಗೆ ಆ ಅಭ್ಯಾಸ ಹಿಡಿಸಿದವರೇ ಒಳಗೆ ಮಲಗಿದ್ದರು.

ಅವಳ ಮಗಳು ಹರ್ಷಿಣಿ ಕದ ಹಿಡಿದು ನಿಂತಿದ್ದಳು. ಈ ವರ್ಷದ ಕಾಡಿನಲ್ಲಿ ನಡುವಿನ ಮರ ಅವಳು.

“ನಾನು ಹೋಗುದಿಲ್ಲ ಅಮ್ಮ. ಟೀಚರ್ ಇಲ್ಲದೆ ನಾನು ನಿಲ್ಲುದಿಲ್ಲ.”

ಹರಿಣಾಕ್ಷಿ ಮಗಳ ಮೂಗು ಒರೆಸಿ, ಸೊಪ್ಪಿನ ಗೋಣಿಯನ್ನು ತಲೆಗೇರಿಸಿದಳು. “ನಡಿ. ಮರ ಓಡಿಹೋಗುದಾ?”

*

ಹೋದ ವರ್ಷದ ವಾರ್ಷಿಕೋತ್ಸವ ಮುಗಿದಿತ್ತು. ಅಪ್ಪಂದಿರು ನಿದ್ದೆ ಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದರು. ಮರೆತ ಸ್ವೆಟರ್ ತರಲು ಹಿಂದೆ ಬಂದ ಹರಿಣಾಕ್ಷಿ ನೋಡಿದರೆ, ಖಾಲಿ ಕುರ್ಚಿಗಳ ನಡುವೆ ಕುಶಲಾ ಟೀಚರ್ ಒಬ್ಬರೇ ಕೂತಿದ್ದರು. ಮಡಿಲಲ್ಲಿ ಯಾರೋ ಬಿಟ್ಟುಹೋದ ನೆಲಗಡಲೆಯ ಪೊಟ್ಟಣ. ಕಣ್ಣು ಬರಿದಾದ ವೇದಿಕೆಯ ಮೇಲೆ.

“ಎಂತ ನೋಡ್ತಾ ಇದ್ದೀರಿ ಟೀಚರ್?”

“ಎದುರಿನಿಂದ ಹೇಗೆ ಕಾಣ್ತದೆ ಅಂತ.”

ಆಗ ಹರಿಣಾಕ್ಷಿಗೆ ಹೊಳೆಯಿತು. ಇಷ್ಟು ವರ್ಷ ಟೀಚರ್ ನಿಂತದ್ದು ಪರದೆಯ ಪಕ್ಕದಲ್ಲಿ, ಹಗ್ಗ ಹಿಡಿದು, ಮರೆತವರಿಗೆ ಮಾತು ಹೇಳಿಕೊಡುತ್ತ. ತಾವು ಕಟ್ಟಿದ ಕಾಡನ್ನು ಅವರು ಒಮ್ಮೆಯೂ ಎದುರಿನಿಂದ ನೋಡಿರಲಿಲ್ಲ. ಅವರಿಗಾಗಿ ಚಾಪೆ ಹಾಸಿ ಜಾಗ ಹಿಡಿದವರೂ ಯಾರೂ ಇರಲಿಲ್ಲ.

“ಬರುವ ವರ್ಷ ನೀವು ಎದುರು ಕೂರಿ. ಹಗ್ಗ ನಾನು ಹಿಡೀತೇನೆ.”

“ನಿನಗೆ ಮಾತು ಹೇಳಿಕೊಡ್ಲಿಕ್ಕೆ ಬರ್ತದಾ?”

“ಮೀನು ಮಾರುವವಳಿಗೆ ಮಾತು ಬರುದಿಲ್ವಾ ಟೀಚರ್?”

ಅವರು ನಕ್ಕರು. ಪಕ್ಕದ ಕುರ್ಚಿಯ ಧೂಳು ಒರೆಸಿ, ನೆಲಗಡಲೆಯನ್ನು ಅವಳ ಕಡೆ ಚಾಚಿದರು. “ಆಯ್ತು. ಬರುವ ವರ್ಷ ಎದುರು ಕೂರ್ತೇನೆ. ಮಾತು ತಪ್ಪಬೇಡ ಮತ್ತೆ.”

*

ಮುಖ್ಯೋಪಾಧ್ಯಾಯಿನಿ ವಿಜೇತಾ ವೇದಿಕೆಯ ಮುಂದೆ ನಿಂತು ದೀಪದ ಕಂಬಕ್ಕೆ ಹೂ ಸುತ್ತುತ್ತಿದ್ದಳು. ಕಾರ್ಕಳದವಳು, ಈ ಶಾಲೆಗೆ ಬಂದು ಎರಡು ವರ್ಷ. ಅತ್ತು ಕಣ್ಣು ಕೆಂಪಗಾಗಿತ್ತು.

“ನಿಲ್ಲಿಸುವ ಅಂತ ನಾನೇ ಹೇಳಿದೆ ಹರಿಣಾಕ್ಷಿಯವರೇ. ಕಮಿಟಿಯವರು ಒಪ್ಪಲಿಲ್ಲ. ಪೆಂಡಾಲು, ಮೈಕು ಎಲ್ಲ ಬಂದಾಗಿದೆ. ಇರುವ ಮಕ್ಕಳೇ ಇಷ್ಟು. ಇದನ್ನು ನೋಡಿಯೇ ನಾಲ್ಕು ಜನ ಬರುವ ವರ್ಷ ಇಲ್ಲಿಗೆ ಸೇರಿಸ್ತಾರೆ. ಇಲ್ಲದಿದ್ದರೆ ಶಾಲೆ ಮುಚ್ಚುದೇ.”

“ನಿಲ್ಲಿಸಿ ಅಂತ ನಾನು ಹೇಳುದಿಲ್ಲ ಮೇಡಂ. ಟೀಚರನ್ನು ಇಲ್ಲಿ ಎದುರಿಗೆ ಒಂದು ಗಳಿಗೆ ತರ್ತೇವೆ.”

“ಹೆಣವನ್ನಾ? ಸಣ್ಣ ಮಕ್ಕಳು ಹೆದರ್ತಾರೆ. ಶುಭ ಕಾರ್ಯದ ಜಾಗಕ್ಕೆ ತಂದರು ಅಂತ ನಾಳೆ ಹೆತ್ತವರು ನನ್ನನ್ನು ಕೇಳ್ತಾರೆ. ಅದು ಆಗ್ಲಿಕ್ಕಿಲ್ಲ.”

ಹರಿಣಾಕ್ಷಿ ಗೋಣಿಯನ್ನು ಕೆಳಗಿಟ್ಟಳು. ಮಾರ್ಕೆಟಿನಲ್ಲಿ ಯಾರಿಗೂ ಬಗ್ಗದವಳಿಗೆ ಇಲ್ಲಿ ನಾಲಿಗೆ ಮತ್ತೆ ತೊಡರಿತು.

“ಹಾಗಾದರೆ ನಾ... ನಾಟಕ ಮೊದಲು ಮಾಡಿ. ಗಾಡಿ ಎದುರಿನ ರಸ್ತೆಯಲ್ಲೇ ಹೋಗುದು. ಒಳಗೆ ತರುದಿಲ್ಲ. ರಸ್ತೆಯಲ್ಲಿ ನಿಂತು ನೋಡಿ ಹೋಗ್ತಾರೆ.”

“ಅತಿಥಿಗಳು ದೀಪ ಹಚ್ಚುವ ಮೊದಲೇ ನಾಟಕವಾ? ಅವರ ಭಾಷಣ ಆಗಿ, ಬಹುಮಾನ ಆಗಿ, ನಾಟಕ ಕೊನೆಗೆ ಇರುದಲ್ವಾ?”

“ಕೊನೆಗೆ ಆದರೆ ಟೀಚರ್ ಇರುದಿಲ್ಲ ಮೇಡಂ.”

ವಿಜೇತಾ ಹೂವಿನ ಮಾಲೆಯನ್ನು ಹಿಡಿದುಕೊಂಡೇ ನಿಂತಳು. ಅಷ್ಟರಲ್ಲಿ ಮೈಕಿನವನು ಏನೋ ಕೇಳಲು ಕರೆದ. ಅವಳು ಆ ಕಡೆ ಹೋದಳು.

*

ಎತ್ತುವಾಗ ಇದ್ದವರು ಉಜ್ವಲ್, ಅವನೊಂದಿಗೆ ಬಂದ ಇಬ್ಬರು ನೆಂಟರು, ಕೂಸಪ್ಪ, ಮತ್ತು ವ್ಯಾನಿನ ಡ್ರೈವರ್ ಹೆರಾಲ್ಡ್. ಅಷ್ಟೇ. ಊರಿಗೆ ಊರೇ ವೇದಿಕೆ ಹತ್ತುವಂತೆ ಮಾಡಿದ ಜೀವಕ್ಕೆ ಹೆಗಲು ಕೊಡಲು ಡ್ರೈವರೂ ಕೈ ಹಾಕಬೇಕಾಯಿತು.

ಅವಳೂ ವ್ಯಾನು ಹತ್ತಿದಳು. ಉಜ್ವಲ್ ಮುಜುಗರಪಟ್ಟ. “ಹೆಂಗಸರು ಸ್ಮಶಾನಕ್ಕೆ ಬರುವ ಕ್ರಮ ಇಲ್ಲ ಅಕ್ಕ.”

“ಶಾಲೆಯವರೆಗೆ ಮಾತ್ರ. ಅಲ್ಲಿ ಒಂದೇ ನಿಮಿಷ ನಿಲ್ಲಿಸಿ.”

“ಹೊತ್ತು ಮುಳುಗ್ತದೆ...”

“ನನ್ನ ಅಜ್ಜಿಮನೆ ಇಲ್ಲೇ” ಎಂದ ಹೆರಾಲ್ಡ್, ಯಾರೂ ಕೇಳದಿದ್ದರೂ. “ಶಿರ್ವಕ್ಕೆ ಹೋಗುವ ಮೊದಲು ನಾಲ್ಕನೇ ಕ್ಲಾಸಿನವರೆಗೆ ಇದೇ ಶಾಲೆ. ನಾನೂ ಮರವೇ.” ಉಜ್ವಲ್ ಸರಿದು ಹರಿಣಾಕ್ಷಿಗೆ ಜಾಗ ಮಾಡಿಕೊಟ್ಟ.

ಶಾಲೆಯ ತಿರುವಿನಲ್ಲೇ ಮೈಕು ಕೇಳಿಸಿತು. ಹಾಡು ನಿಂತು, ಒಂದು ಹೆಣ್ಣು ದನಿ ಬಂತು. ನಿರೂಪಕರ ದನಿಯಲ್ಲ, ವಿಜೇತಾಳದ್ದು.

“ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ. ಅವರು ಬರುವ ಮೊದಲು... ಈಗ ಮೊದಲನೆಯದಾಗಿ ನಮ್ಮ ಮಕ್ಕಳ ನಾಟಕ.” ಇನ್ನೇನೋ ಹೇಳಲು ಹೊರಟವಳಂತೆ ಒಂದು ಕ್ಷಣ ಉಸಿರಿನ ಸದ್ದು ಮಾತ್ರ ಕೇಳಿತು. ಮೈಕು ಆಫ್ ಆಯಿತು.

ಹರಿಣಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೆರಾಲ್ಡ್ ಆ ಸಪೂರ ರಸ್ತೆಯಲ್ಲಿ ಹಿಂದೆ ಮುಂದೆ ಮಾಡಿ ವ್ಯಾನನ್ನು ತಿರುಗಿಸಿದ. ಹಿಂದಿನ ಬಾಗಿಲು ವೇದಿಕೆಗೆ ನೇರ ಮುಖ ಮಾಡುವಂತೆ ತಂದು ನಿಲ್ಲಿಸಿ, ಇಳಿದು ಬಂದು ತೆರೆದ. ಹರಿಣಾಕ್ಷಿ ತನ್ನ ಶಾಲನ್ನು ಮಡಚಿ ಟೀಚರ ತಲೆಯಡಿಗೆ ಕೊಟ್ಟು ಸ್ವಲ್ಪ ಎತ್ತರಿಸಿದಳು. ಮುಚ್ಚಿದ ಕಣ್ಣಿಗೆ ಎತ್ತರವೇನು, ತಗ್ಗೇನು? ಆದರೂ ಎತ್ತರಿಸಿದಳು.

ಪರದೆ ಸರಿಯಿತು.

ಸಾಲು ಸಾಲು ಬೆನ್ನುಗಳ ಆಚೆ, ಬೆಳಕಿನಲ್ಲಿ, ಬೆಳಿಗ್ಗೆ ಕಡಿದ ಗೆಲ್ಲಿನ ಸೊಪ್ಪು ಕಟ್ಟಿಕೊಂಡು ಕಾಡು ನಿಂತಿತ್ತು. ಜನ ಚಪ್ಪಾಳೆ ತಟ್ಟಿದರು, ಮೊಬೈಲು ಎತ್ತಿದರು. ಚಾಪೆಗಳ ಮೇಲೆ ನೆಲಗಡಲೆಯ ಪೊಟ್ಟಣಗಳು ಬಿಚ್ಚಿದವು. ಒಬ್ಬರೂ ಹಿಂದೆ ತಿರುಗಲಿಲ್ಲ. ರಸ್ತೆಯ ಕಡೆ ಮುಖ ಮಾಡಿದ್ದವರು ವೇದಿಕೆಯ ಮೇಲಿನ ಮಕ್ಕಳು ಮಾತ್ರ.

ಅವರು ಕಂಡರು. ರಾಜ ಬಾಯಿ ತೆರೆದವನು ಮಾತು ಮರೆತು ನಿಂತ. ಪರದೆಯ ಪಕ್ಕದಿಂದ ಹೇಳಿಕೊಡುವವರು ಯಾರೂ ಇರಲಿಲ್ಲ, ಹೇಳಿಕೊಡುತ್ತೇನೆ ಎಂದಿದ್ದವಳು ಇಲ್ಲಿ ವ್ಯಾನಿನಲ್ಲಿದ್ದಳು. ಜನ ನಕ್ಕರು.

“ನಿಮ್ಮ ಮಗಳು ಯಾವುದು ಅಕ್ಕ?” ಉಜ್ವಲ್ ಮೆಲ್ಲಗೆ ಕೇಳಿದ.

“ನಡುವಿನ ಮರ.”

ನಡುವಿನ ಮರದ ಮುಖಕ್ಕೆ ಬಳಿದ ಹಸಿರು ಬಣ್ಣದ ಮೇಲೆ ಕಣ್ಣಿನಿಂದ ಗಲ್ಲದವರೆಗೆ ಒಂದು ಗೆರೆ ಇಳಿಯುತ್ತಿತ್ತು. ಒರೆಸಲು ಕೈ ಬರಲಿಲ್ಲ. ಪಕ್ಕದ ಮರವೂ ಅಲ್ಲಾಡಲಿಲ್ಲ. ಅದರ ಪಕ್ಕದ್ದೂ ಅಲ್ಲಾಡಲಿಲ್ಲ. ಉಜ್ವಲ್ ಗಡಿಯಾರ ನೋಡುವುದನ್ನು ಬಿಟ್ಟು ಅವರನ್ನೇ ನೋಡಿದ. ಆಮೇಲೆ ತಿರುಗಿ, ಬಂದಾಗಿನಿಂದ ಮೊದಲ ಬಾರಿಗೆ, ಅತ್ತೆಯ ಮುಖವನ್ನು ಸರಿಯಾಗಿ ನೋಡಿದ.

ರಾಜನಿಗೆ ಮಾತು ನೆನಪಾಯಿತು. ನಾಟಕ ಮುಂದೆ ಹೋಯಿತು.

“ಹೋಗುವ ಅಲ್ವಾ?” ಎಂದ ಹೆರಾಲ್ಡ್. ಹರಿಣಾಕ್ಷಿ ಇಳಿದಳು. ಶಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಾಗಿಲು ಮುಚ್ಚಿತು. ವ್ಯಾನು ಕಡಲ ಕಡೆಯ ತಿರುವು ದಾಟುವವರೆಗೆ ಅದರ ಸದ್ದು ಕೇಳುತ್ತಿತ್ತು, ಆಮೇಲೆ ಮೈಕಿನ ಸದ್ದು ಮಾತ್ರ.

ಅವಳು ರಸ್ತೆಯ ಬದಿಯಲ್ಲಿ ವೇದಿಕೆಗೆ ಮುಖ ಮಾಡಿ, ಎರಡೂ ಕೈ ಇಳಿಬಿಟ್ಟು ನಿಂತಳು. ಮಗಳ ಕಣ್ಣು ಅವಳ ಮೇಲೆಯೇ ಇತ್ತು. ಮೊಣಕೈಯ ಮೇಲೊಂದು ಸೊಳ್ಳೆ ಬಂದು ಕೂತಿತು. ಪರದೆ ಬೀಳಲು ಇನ್ನೂ ಹೊತ್ತಿತ್ತು.