ರುದ್ರಾಣಿಯ ಹಾಜರಿ

ಕೊಟ್ಟಿಗೆಹಾರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೇಣುಕಪ್ರಸಾದ್ ಹದಿನೆಂಟು ವರ್ಷದಿಂದ ರೈಟರು. ಬೆಳಿಗ್ಗೆ ಕಣದಲ್ಲಿ ನಿಂತು ಆಳುಗಳ ಹೆಸರು ಕೂಗುವುದು, 'ಹೂಂ' ಅಂದವರಿಗೆ ಹಾಜರಿ ಹಾಕುವುದು ಅವರ ಕೆಲಸ. ಅಸ್ಸಾಮಿನಿಂದ ಬಂದವರ ಹೆಸರು ನಾಲಿಗೆಯಲ್ಲಿ ಹೊರಳದಿದ್ದರೆ ತಮಗೆ ಸಲೀಸಾದ ಒಂದು ಹೆಸರು ಇಟ್ಟುಬಿಡುವುದು ಈ ಕಡೆಯ ರೈಟರುಗಳ ಹಳೇ ಚಾಳಿ. ಆರು ವರ್ಷದ ಹಿಂದೆ ಸಹೇರಾ ಬೇಗಂ ಬಂದು ನಿಂತಾಗ ಇವರೂ ಪುಸ್ತಕದಲ್ಲಿ 'ರುದ್ರಾಣಿ' ಎಂದು ಬರೆದರು.

ಸಹೇರಾ ಎನ್ನುವುದೇನು ಕಷ್ಟದ ಹೆಸರಲ್ಲ. ರುದ್ರಾಣಿ ಅವರ ಹೆಂಡತಿ. ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಮನೆಯಲ್ಲಿ ಕೂಗಿದರೆ ಓಗೊಡುವವರಿಲ್ಲದ ಹೆಸರನ್ನು ದಿನಕ್ಕೊಂದು ಸಲ ಕೂಗಲು ಅವರಿಗೊಂದು ನೆಪ ಬೇಕಿತ್ತು, ಅಷ್ಟೇ.

ಅತ್ತ ರಾಜಧಾನಿಯಲ್ಲಿ ವಲಸಿಗರ ಕಾನೂನು ಎರಡು ವರ್ಷದಿಂದ ನೆನೆಗುದಿಗೆ ಬಿದ್ದಿತ್ತು. ಒಂದು ಪಕ್ಷದವರು ಹೊರಗಿನವರನ್ನೆಲ್ಲ ಓಡಿಸಿ ಎಂದರು, ಇನ್ನೊಂದು ಪಕ್ಷದವರು ದುಡಿಯುವವರಿಗೆ ಗುರುತಿನ ಚೀಟಿ ಕೊಡಿ ಎಂದರು. ಕೂಗಾಡಿ, ಕಾಫಿ ಕುಡಿದು, ಸಭೆ ಮುಂದೂಡಿ ಮನೆಗೆ ಹೋದರು. ಆ ಕಾಫಿಯ ಹಣ್ಣು ಕೊಯ್ದವರು ಯಾರೆಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಕಾನೂನು ಆಗುವ ತನಕ ಎಂದು ಒಂದು ಆದೇಶ ಬಂತು: ಒಂದೇ ಕಡೆ ಐದು ವರ್ಷ ದುಡಿದ ದಾಖಲೆ ಇದ್ದವರು ಇರಬಹುದು, ಉಳಿದವರು ಜಾಗ ಖಾಲಿ ಮಾಡಬೇಕು. ಬಾಯಿಮಾತಿಗೆ ಬೆಲೆಯಿಲ್ಲ.

ತಪಾಸಣೆಗೆ ಬಂದ ಅಧಿಕಾರಿ ಹಾಜರಿ ಪುಸ್ತಕ ತಿರುವಿದ. "ಸಹೇರಾ ಬೇಗಂ ಅನ್ನೋರೇ ಇಲ್ವಲ್ಲ ಇದ್ರಲ್ಲಿ?"

"ರುದ್ರಾಣಿ ಅಂತ ಇದೆಯಲ್ಲ ಸಾರ್, ಅವಳೇ ಇವಳು. ನಾನೇ ಹಂಗೆ ಬರೆದಿದ್ದು."

"ಯಾಕೆ?"

ಕಣದ ತುಂಬ ಆಳುಗಳು, ಪಕ್ಕದಲ್ಲೇ ತೋಟದ ಸಾಹುಕಾರರು. ರೇಣುಕಪ್ರಸಾದರ ಕಿವಿ ಬಿಸಿಯಾಯಿತು. "ನನ್ನ ಹೆಂಡ್ತಿ ಹೆಸರು ಸಾರ್."

ಯಾರೋ ಕಿಸಕ್ಕೆಂದರು. ಅಧಿಕಾರಿ ಪುಸ್ತಕ ಮುಚ್ಚಿದ. "ನಿಮ್ಮ ಹೆಂಡ್ತಿ ಹಾಜರಿನ ಇವಳಿಗೆ ಹೆಂಗ್ರೀ ಕೊಡ್ಲಿ?"

ಮಾರನೆಯ ದಿನ ಅವಳನ್ನು ಬಸ್ ಹತ್ತಿಸಲು ರೇಣುಕಪ್ರಸಾದ್ ಒಬ್ಬರೇ ಕೊಟ್ಟಿಗೆಹಾರಕ್ಕೆ ಬಂದರು. "ನಿನಗೆ ಅನ್ಯಾಯ ಮಾಡಿದೆ ಕಣಮ್ಮ," ಅಂದರು.

ಸಹೇರಾ ಗಂಟು ಎತ್ತಿಕೊಂಡಳು. "ಆ ಅಮ್ಮನ ಹೆಸರು ಅಂತ ಗೊತ್ತಿರಲಿಲ್ಲ ರೈಟ್ರೇ. ಹೇಳಿದ್ರೆ ಇನ್ನೂ ಜೋರಾಗಿ 'ಹೂಂ' ಅಂತಿದ್ದೆ."

ಅವಳು ಬೈದಿದ್ದರೆ ವಾಸಿಯಿತ್ತು. ಹೆಂಡತಿಯನ್ನು ಎರಡನೇ ಸಲ ಕಳೆದುಕೊಂಡಷ್ಟು ಸಂಕಟವಾಯಿತು ಅವರಿಗೆ, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಕಣದಲ್ಲಿ ಹೆಸರು ಕೂಗುತ್ತ ಕೂಗುತ್ತ ಪುಸ್ತಕದಲ್ಲಿ ರುದ್ರಾಣಿಯ ಹೆಸರಿದ್ದ ಸಾಲಿಗೆ ಬಂದು ನಿಂತರು. ಆಮೇಲೆ ಆರು ವರ್ಷದಲ್ಲಿ ಮೊದಲ ಸಲ, "ಸಹೇರಾ ಬೇಗಂ," ಎಂದು ಕೂಗಿದರು.

ಯಾರೂ ಓಗೊಡಲಿಲ್ಲ. ಆಳುಗಳು ಕಾಯುತ್ತಿದ್ದರು. ಅವರು ಇನ್ನೊಮ್ಮೆ ಕೂಗಿದರು.