ತೋಯ್ದಿದ್ದು ಮೇಲ್ಮಣ್ಣು ಮಾತ್ರ

ಇಂಗ್ಲೆಂಡಿನ ಬಾರ್ನ್ಸ್ಲಿ ಊರಿನ ರೈಲು ಹಳಿ ಪಕ್ಕದ ಬಾಡಿಗೆ ತೋಟಗಳಲ್ಲಿ ನೋರಾಳ ತುಂಡು ನೆಲ, ವಿಲ್ಫ್‌ನ ತುಂಡು ನೆಲ ಅಕ್ಕಪಕ್ಕ. ಆ ಜುಲೈನಲ್ಲಿ ವಾರಗಟ್ಟಲೆ ಮಳೆ ಇಲ್ಲ. ಅದೇ ಹೊತ್ತಿಗೆ ನೋರಾಳಿಗೆ ಮಂಡಿ ಆಪರೇಷನ್ ನಿಗದಿಯಾಯಿತು.

"ವಿಲ್ಫ್, ಮೂರು ವಾರ ನನ್ನ ಬೀನ್ಸ್ ಬಳ್ಳಿ ನೋಡ್ಕೋತೀಯಾ? ನಮ್ಮಮ್ಮನ ಕಾಲದ ತಳಿ. ಡಬ್ಬದಲ್ಲಿದ್ದ ಬೀಜನ ಇಲಿ ತಿಂದ್ಹಾಕ್ತು. ಉಳಿದಿದ್ದನ್ನೆಲ್ಲ ನೆಟ್ಬಿಟ್ಟಿದೀನಿ."

"ಅದೇನ್ ದೊಡ್ಡ ಕೆಲ್ಸ? ಆರಾಮಾಗಿ ಹೋಗ್ಬಾ."

"ಬೆಳಗ್ಗೆ ಬೇಗ, ಬುಡಕ್ಕೇ ಹಾಕು. ವಾರಕ್ಕೆರಡು ಸಲ ಸಾಕು. ಆದ್ರೆ ನಿಧಾನಕ್ಕೆ, ಬೇರಿನವರೆಗೂ ಇಳೀಬೇಕು."

"ಮೂವತ್ತು ವರ್ಷದಿಂದ ತೋಟ ಮಾಡ್ತಿದೀನಿ ಕಣೇ. ಈಗ ನೀರು ಹಾಕೋದು ಕಲಿಸ್ತೀಯಾ ನಂಗೆ?"

ವಿಲ್ಫ್ ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಮಧ್ಯಾಹ್ನ ಊಟ ಮುಗಿಸಿ ಬಂದು, ಪೈಪ್ ಹಿಡಿದು, ಬಳ್ಳಿಯ ನೆತ್ತಿಯಿಂದ ಐದು ನಿಮಿಷ ನೀರು ಚಿಮುಕಿಸುತ್ತಿದ್ದ. ಎಲೆ ಮಿರಮಿರ ಮಿಂಚಿದರೆ ಅವನಿಗೆ ಸಮಾಧಾನ.

"ಎಲೆ ಜೋತು ಬಿದ್ದಿದೆಯಲ್ರೀ," ಎಂದಳು ಹೆಂಡತಿ ಬೆರಿಲ್.

"ಬಿಸಿಲಿಗೆ ಕಣೆ," ಎಂದು ಇನ್ನೆರಡು ನಿಮಿಷ ಚಿಮುಕಿಸಿದ. ಹೂವು ಉದುರಿದವು. ಎಲೆಗಳ ಅಂಚು ಸುಟ್ಟ ಕಾಗದದಂತಾಯಿತು.

ನೋರಾ ಕೋಲೂರಿಕೊಂಡು ಬಂದಾಗ ಎರಡು ಬಳ್ಳಿ ಮಾತ್ರ ಹಸಿರಾಗಿದ್ದವು.

"ದಿನಾ ಹಾಕಿದೀನಿ ನೋರಾ. ಬೆರಿಲ್‌ನ ಕೇಳು ಬೇಕಾದ್ರೆ."

ನೋರಾ ಕಷ್ಟಪಟ್ಟು ಬಗ್ಗಿ ಮಣ್ಣಿಗೆ ಬೆರಳು ತೂರಿಸಿದಳು. "ನೀನೂ ನೋಡು."

ವಿಲ್ಫ್ ತೂರಿಸಿದ. ಮೇಲೆ ಅರ್ಧ ಬೆರಳು ತೇವ. ಅದರ ಕೆಳಗೆ ಬರೀ ಪುಡಿ.

"ಮಧ್ಯಾಹ್ನದ ನೀರಲ್ಲಿ ಅರ್ಧ ಬಿಸಿಲು ಕುಡೀತು, ಅರ್ಧ ಎಲೆ ಮೇಲೇ ಆರ್ತು. ಬೇರಿಗೆ ಏನೂ ಸಿಗ್ಲಿಲ್ಲ," ಎಂದಳು ನೋರಾ. ದನಿ ಏರಿಸಲಿಲ್ಲ. ಬೈದಿದ್ದರೆ ವಿಲ್ಫ್‌ಗೆ ಹಗುರವಾಗುತ್ತಿತ್ತು.

ಮಾರನೇ ದಿನ ಬೆಳಗ್ಗೆ ಆರಕ್ಕೆಲ್ಲ ಅವನು ಕ್ಯಾನ್ ಹಿಡಿದು ಬಂದ. ಬುಡದಲ್ಲಿ ತಳಕ್ಕೆ ತೂತಿರುವ ಹೂಕುಂಡ ಹುಗಿದು, ಅದರೊಳಗೆ ನಿಧಾನವಾಗಿ ನೀರು ಹೊಯ್ದ. ಸುತ್ತ ಒಣಹುಲ್ಲು ಹೊದಿಸಿದ. ಎರಡೂ ಬಳ್ಳಿ ತಲೆ ಎತ್ತಿದವು, ಹೂವೂ ಬಿಟ್ಟವು. ಆದರೆ ಹೂವು ಬಂದಿದ್ದೇ ತಡ; ಕಾಯಿ ಬಲಿಯುವ ಮೊದಲೇ ಅಕ್ಟೋಬರಿನ ಹಿಮ ಬಿತ್ತು. ಒಂದು ಬೀಜವೂ ದಕ್ಕಲಿಲ್ಲ.

"ನೀನು ಹೇಳಿದ್ದೆ. ನಾನು ಕೇಳ್ಲಿಲ್ಲ," ಎಂದ ವಿಲ್ಫ್.

"ಹೂಂ," ಎಂದಳು ನೋರಾ. "ಅಮ್ಮ ಹೋದ್ಮೇಲೂ ಪ್ರತಿ ಬೇಸಿಗೆ ಈ ಬೀನ್ಸ್ ತಿಂದ್ರೆ ಅವಳ ಅಡುಗೆ ಉಂಡ ಹಾಗೇ ಇರ್ತಿತ್ತು."

ಈಗ ವಿಲ್ಫ್‌ನ ಶೆಡ್ಡಿನ ಮಾಡಿನ ಮಳೆನೀರು ಪೀಪಾಯಿಗೆ ಬೀಳುತ್ತದೆ. ಬೆರಿಲ್ ಮಣ್ಣಿಗೆ ಬೆರಳು ತೂರಿಸಿ "ಇವತ್ತು ಬೇಡ" ಎಂದರೆ ಅವನು ಕ್ಯಾನ್ ಮುಟ್ಟುವುದಿಲ್ಲ. ಮೊದಲಿಗಿಂತ ಕಡಿಮೆ ನೀರು, ಹೆಚ್ಚು ತರಕಾರಿ. ನೋರಾ ಅಂಗಡಿ ಬೀಜದ ಬೀನ್ಸ್ ಬೆಳೆಯುತ್ತಾಳೆ. ಚೆನ್ನಾಗಿಯೇ ಬರುತ್ತದೆ. ರುಚಿ ಹೇಗಿದೆ ಎಂದು ಕೇಳಲು ವಿಲ್ಫ್‌ಗೆ ಇನ್ನೂ ಧೈರ್ಯ ಬಂದಿಲ್ಲ.

ತೋಟವಿರುವ ಅಣ್ಣಂದಿರೇ, ಅಕ್ಕಂದಿರೇ, ದಿನಾ ನೀರು ಹಾಕಿದೆವೆಂದು ನೆಮ್ಮದಿಯಾಗಿ ಕೂರಬೇಡಿ. ನೀರು ಬೇರಿಗೆ ಮುಟ್ಟಿತೇ ಎಂದು ನೋಡಿ. ತಂಪು ಹೊತ್ತಲ್ಲಿ ಬುಡಕ್ಕೇ ಹಾಕಿ, ಮಣ್ಣನ್ನು ಹೊದಿಕೆಯಿಲ್ಲದೆ ಬಿಡಬೇಡಿ. ತಿಳಿದವರು ಹೇಳಿದಾಗ ನಗಬೇಡಿ, ಒಮ್ಮೆ ಮಾಡಿ ನೋಡಿ. ಒಣಗಿದ ಮೇಲೆ ಎಷ್ಟು ಕೊಡ ಸುರಿದರೂ, ಕೆಲವು ಮತ್ತೆ ಚಿಗುರುವುದಿಲ್ಲ.