ಚಿಕ್ಕಮ್ಮ ಒತ್ತಿದ ಬಟನ್

ಹಲ್ಲಿನ ಆಸ್ಪತ್ರೆಯೊಂದರ ವೆಬ್‌ಸೈಟ್ ಮಾಡುವ ಕೆಲಸ ಪುಟ್ಟಿಯ ಪಾಲಿಗೆ ಬಂದಿತ್ತು. ಮನೆಯವರು ಕರೆಯುತ್ತಿದ್ದ ಆ ಹೆಸರು ಹೇಗೋ ಆಫೀಸಿಗೂ ಬಂದು ಅಂಟಿಕೊಂಡಿತ್ತು.

ಅವಳ ಆಫೀಸಿನಲ್ಲಿ ಎಲ್ಲ ಪುಟಗಳಿಗೂ ಒಂದೇ ಬಟನ್ ಕಾಂಪೊನೆಂಟ್. ಅದೊಂದು ಅಚ್ಚಿದ್ದ ಹಾಗೆ. ಬಣ್ಣ, ಗಾತ್ರ, ಮೇಲಿನ ಅಕ್ಷರ ಹೇಳಿದರೆ ಸಾಕು, ಬೇಕಾದಂತೆ ಬಂದು ಕೂರುತ್ತಿತ್ತು. ಪುಟ್ಟಿಗೆ ಅದರ ಮೇಲೆ ಎಷ್ಟು ಮೋಹವೆಂದರೆ, ಅಂದಕ್ಕಿರಲಿ ಎಂದು ಪುಟದ ತಲೆಬರಹಕ್ಕೂ ಅದೇ ದುಂಡು ಅಂಚಿನ ಹಸಿರು ಚೌಕಟ್ಟು ಹಾಕಿಬಿಟ್ಟಿದ್ದಳು.

ಸೈಟ್ ಶುರುವಾದ ವಾರದಲ್ಲೇ ಚಿಕ್ಕಮ್ಮನ ಫೋನ್ ಬಂತು.

"ಪುಟ್ಟಿ, ನಿನ್ನ ಬಟನ್ ಒತ್ತಿ ಒತ್ತಿ ಸಾಕಾಯ್ತು ಕಣೆ. ಏನೂ ಆಗ್ತಿಲ್ಲ. ದವಡೆ ಬೇರೆ ಊದಿದೆ."

"ಆಸ್ಪತ್ರೆಗೇ ಫೋನ್ ಮಾಡಬಾರದಾ?"

"ನೀನು ಮಾಡಿರೋದಲ್ವಾ, ಇದರಲ್ಲೇ ಆಗಲಿ ಅಂತ."

ಪುಟ್ಟಿ ಒತ್ತಿ ನೋಡಿದಳು, ಸರಿಯಾಗಿತ್ತು. ಪಕ್ಕದ ಮೇಜಿನ ಟೆಸ್ಟರ್ ಒತ್ತಿದ, ಅವನಿಗೂ ಸರಿಯಾಗಿತ್ತು. ಯಾವುದಕ್ಕೂ ಇರಲಿ ಎಂದು ಬಟನ್ನಿನ ಗಾತ್ರ ಹಿಗ್ಗಿಸಿ ಮತ್ತೆ ಕೇಳಿದಳು.

"ಈಗ?"

"ಊಹೂಂ."

"ಹಸಿರು ಬಣ್ಣದ್ದು ತಾನೇ?"

"ಹಸಿರೇ. 'ಸಮಯ ಕಾಯ್ದಿರಿಸಿ' ಅಂತ ಬರೆದಿದೆ. ನನ್ನ ಬೆರಳಲ್ಲೇ ಜೀವ ಇಲ್ಲವೇನೋ!"

ಪುಟ್ಟಿಯ ತಲೆ ಕೆಟ್ಟು ಮೊಸರಾಯಿತು. ಕೋಡ್ ತಪ್ಪೋ, ನೆಟ್‌ವರ್ಕ್ ತಪ್ಪೋ, ಚಿಕ್ಕಮ್ಮನ ಹಳೆಯ ಫೋನೇ ಹಟ ಹಿಡಿದಿದೆಯೋ? ಸರಿಯಿದ್ದ ಸಾಲುಗಳನ್ನೂ ಅಳಿಸಿ ಮತ್ತೆ ಬರೆದಳು. ಸಂಜೆ ಅರ್ಧ ಕೆಲಸ ಬಿಟ್ಟು ಚಿಕ್ಕಮ್ಮನ ಮನೆಗೇ ಹೋದಳು.

ಚಿಕ್ಕಮ್ಮನ ಒಂದು ಕೆನ್ನೆ ಬನ್ನಿನಂತೆ ಉಬ್ಬಿತ್ತು. ಫೋನಿನಲ್ಲಿ ಅಕ್ಷರಗಳು ಅಂಗಡಿ ಬೋರ್ಡಿನಷ್ಟು ದಪ್ಪ. ಪರದೆ ತುಂಬ ತಲೆಬರಹ, ಅದರ ಕೆಳಗೆ ಒಬ್ಬ ವೈದ್ಯರ ಅರ್ಧ ಹೆಸರು, ಅಷ್ಟೇ. ಚಿಕ್ಕಮ್ಮ ತೋರುಬೆರಳನ್ನು ಸೀರೆಗೆ ಒರೆಸಿಕೊಂಡು, ತಲೆಬರಹವನ್ನು ಗಟ್ಟಿಯಾಗಿ ಒತ್ತಿದಳು.

ಪುಟ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಟವನ್ನು ಮೇಲಕ್ಕೆ ಸರಿಸಿದಳು. ವೈದ್ಯರ ಹೆಸರುಗಳೆಲ್ಲ ದಾಟಿದ ಮೇಲೆ, ತಳದಲ್ಲಿ, ಅದೇ ಹಸಿರಿನ, ಅದೇ ಮಾತಿನ ನಿಜವಾದ ಬಟನ್ ಕೂತಿತ್ತು.

"ಚಿಕ್ಕಮ್ಮ, ನೀನು ಒತ್ತುತ್ತಿದ್ದದ್ದು ಬಟನ್ ಅಲ್ಲ, ತಲೆಬರಹ."

"ತಲೆಬರಹಾನಾ? ಅದನ್ನ ಎಷ್ಟು ಒತ್ತಿದ್ರೂ ಬದಲಾಗಲ್ಲ ಬಿಡು," ಎಂದು ನಕ್ಕ ಚಿಕ್ಕಮ್ಮ ನೋವಿಗೆ ದವಡೆ ಹಿಡಿದುಕೊಂಡಳು. ಮರುದಿನ ಬೆಳಿಗ್ಗೆಗೆ ಸಮಯ ಸಿಕ್ಕಿತು.

ಆಫೀಸಿನಲ್ಲಿ ಪುಟ್ಟಿ ತಲೆಬರಹದ ಚೌಕಟ್ಟು ಕಿತ್ತಳು.

"ಚೆನ್ನಾಗಿತ್ತಲ್ಲ, ಯಾಕೆ ತೆಗೆದೆ?" ಎಂದ ಟೆಸ್ಟರ್.

ಅವಳು ತಾನು ಹಿಂದೆ ಮಾಡಿದ್ದ ಪುಟಗಳನ್ನು ಒಂದೊಂದಾಗಿ ತೆರೆದಳು. ಒಂದರಲ್ಲಿ ದುಂಡು ಅಂಚಿನ ನೀಲಿ ಚೌಕಟ್ಟೊಂದು ಕಂಡಿತು. ಇದು ಬಟನ್ನೋ, ಬರೀ ಅಲಂಕಾರವೋ? ಮಾಡಿದವಳಿಗೇ ನೆನಪಾಗಲಿಲ್ಲ. ಒತ್ತಿ ನೋಡಿದಳು. ಏನೂ ಆಗಲಿಲ್ಲ. ಒಂದು ಕ್ಷಣ ಬಿಟ್ಟು ಮತ್ತೊಮ್ಮೆ ಒತ್ತಿದಳು.